ಗೋಪುರ ಹೋಗಿ ತುಳಸಿಕಟ್ಟೆಯಾದ ಕಥೆ

ಚಳಿ ಸೀಮೆಗೆ ಪ್ರವಾಸ ಹೋದರೆ ನಾನು ಮೊದಲು ನೋಡುವುದು ಜನರ ಕಾಲು. ಯಾರು ಎಂಥ ಕಾಲುಚೀಲ ಹಾಕಿದ್ದಾರೆ ಅಂತ. ಎರಡು ವರ್ಷದ ಹಿಂದೆ ಅಟಲ್ ಸುರಂಗ ದಾಟಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕೇಲಾಂಗಿಗೆ ಹೋದಾಗಲೂ ಹಾಗೇ ಆಯಿತು. ಮನೆಯವರು ಬೆಟ್ಟದ ಫೋಟೊ ತೆಗೆಯುತ್ತಿದ್ದರೆ, ನಾನು ಅಂಗಡಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯ ಕೈ ನೋಡುತ್ತ ನಿಂತುಬಿಟ್ಟೆ. ಪಕ್ಕದವರ ಜೊತೆ ಮಾತು ನಡೆದೇ ಇತ್ತು, ಕಡ್ಡಿಗಳ ಮೇಲೆ ಕಾಲುಚೀಲ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಲಾಹೌಲ್‌ನ ಈ ಕಾಲುಚೀಲ, ಕೈಗವಸುಗಳಿಗೆ 2021ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ.

ಒಂದು ಜೊತೆ ಕೊಂಡು, ರಾತ್ರಿ ಹೋಟೆಲಿನಲ್ಲಿ ಒಳಮೈ ಹೊರಗೆ ಮಾಡಿ ನೋಡಿದೆ. ನನ್ನ ಪಾಠ ಸಿಗುವುದೇ ಅಲ್ಲಿ. ಹಿಂಬದಿಯಲ್ಲಿ ಬಣ್ಣದ ಎಳೆ ಎಲ್ಲೂ ನಾಲ್ಕು ಕುಣಿಕೆಗಿಂತ ಉದ್ದ ಹಾದಿರಲಿಲ್ಲ. ಉದ್ದ ಬಿಟ್ಟರೆ ಹಾಕಿಕೊಳ್ಳುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಎಣಿಸುತ್ತ ಹೋದಂತೆ ಧಾರವಾಡದ ನಮ್ಮ ಪಡಸಾಲೆ ನೆನಪಾಯಿತು. ಅವ್ವ ಇಳಕಲ್ ಸೀರೆಯ ಎಳೆ ಎಣಿಸಿ ಎಣಿಸಿ ಕಸೂತಿ ಹಾಕುತ್ತಿದ್ದಳು: ಗೋಪುರ, ತೇರು, ತುಳಸಿಕಟ್ಟೆ. ಅಜ್ಜಿಯದೂ ಅದೇ ಲೆಕ್ಕ. ಅವರ ಚಿತ್ತಾರ ಅವರಿಗಿರಲಿ, ಇಲ್ಲಿಯ ಉಣ್ಣೆಯಲ್ಲಿ ಒಂದು ಸ್ವೆಟರಿನ ಮೇಲೆ ನಮ್ಮ ಗೋಪುರ ಹೆಣೆಯೋಣ ಅನ್ನಿಸಿತು.

ಉಣ್ಣೆ ಹುಡುಕುವುದೇ ದೊಡ್ಡ ಕೆಲಸವಾಯಿತು. ಕುಲ್ಲೂ ಪೇಟೆಯಲ್ಲಿ ನಾನು ಹೊಕ್ಕ ಅಂಗಡಿಗಳಲ್ಲೆಲ್ಲ ಕಾರ್ಖಾನೆಯ ಬಣ್ಣ. ಕೇಳುತ್ತ ಕೇಳುತ್ತ ನಗ್ಗರ್ ಹತ್ತಿರದ ಒಂದು ಮನೆ ಸಿಕ್ಕಿತು. ಅಲ್ಲಿಯ ದೀದಿಯ ಉಗುರೆಲ್ಲ ಕಪ್ಪು. ಅಕ್ರೋಟಿನ ಹಸಿರು ಸಿಪ್ಪೆ ಕುದಿಸಿ ಬಣ್ಣ ಹಾಕುತ್ತಾರೆ. ಚೆಂಡುಹೂವಿನ ಹಳದಿ ನಿಲ್ಲಬೇಕಾದರೆ ಪಟಿಕಾರ ಬೇಕು, ಅಕ್ರೋಟಿಗೆ ಅದೂ ಬೇಡ, ತಾನೇ ಹಿಡಿಯುತ್ತದೆ. ಆದರೆ ಒಂದೇ ಹಂಡೆಯಿಂದ ತೆಗೆದ ಲಡಿಗಳಲ್ಲಿ ಒಂದು ಡಿಕಾಕ್ಷನ್ ಬಣ್ಣ, ಇನ್ನೊಂದು ಹಳೇ ಬೆಲ್ಲದ್ದು. ಕರವಸ್ತ್ರ ಒದ್ದೆ ಮಾಡಿ ಪ್ರತಿ ಲಡಿಗೂ ಉಜ್ಜಿ ನೋಡಿದೆ. ದೀದಿ ನಕ್ಕರು. ನಗಲಿ, ಹಿಂದೊಮ್ಮೆ ಬೇರೆ ಊರಲ್ಲಿ ಕೊಂಡ ಕೆಂಪು ಉಣ್ಣೆ ಮೊದಲ ತೊಳೆತಕ್ಕೇ ಬಿಳಿ ಪಟ್ಟಿಗಳನ್ನೆಲ್ಲ ಗುಲಾಬಿ ಮಾಡಿತ್ತು. ನೂರು ಗ್ರಾಮಿನ ಆರು ಲಡಿ ಕಂದು, ಒಂದು ಬಣ್ಣ ಹಾಕದ ಬಿಳಿ ಕೊಂಡೆ. ಕುರಿ ವಾಸನೆ ಊರು ಮುಟ್ಟುವವರೆಗೂ ಬ್ಯಾಗಿನಲ್ಲಿತ್ತು.

ಲಡಿಗಳನ್ನು ಬೇಕಾದಾಗಲೇ ಉಂಡೆ ಸುತ್ತಿದೆ. ಮೊದಲೇ ಬಿಗಿಯಾಗಿ ಸುತ್ತಿಟ್ಟರೆ ದಾರದ ಪುಟಿತ ಹೋಗುತ್ತದೆ. ಸ್ವೆಟರಿಗೆ ಎರಡು ಉಂಡೆ ಒಟ್ಟಿಗೆ ಹಿಡಿದು, ಎರಡು ಸಾಲು ಒಂದರಿಂದ, ಮುಂದಿನ ಎರಡು ಸಾಲು ಇನ್ನೊಂದರಿಂದ ಹೆಣೆದೆ. ಹಾಗೆ ಮಾಡದಿದ್ದರೆ ಎದೆಯ ನಡುವೆ ಡಿಕಾಕ್ಷನ್ ಮುಗಿದು ಬೆಲ್ಲ ಶುರುವಾದ ಗೆರೆ ಎದ್ದು ಕಾಣುತ್ತಿತ್ತು.

ಎಡವಿದ್ದು ಗೋಪುರದಲ್ಲಿ. ಕಸೂತಿಯ ಲೆಕ್ಕವನ್ನು ಚೌಕದ ನೋಟ್‌ಬುಕ್ಕಿಗೆ ಇಳಿಸಿ, 21 ಕುಣಿಕೆ ಅಗಲ, 21 ಸಾಲು ಎತ್ತರ ಅಂತ ಮಾದರಿ ತುಂಡು ಹೆಣೆದೆ. ಅವ್ವ ಕನ್ನಡಕ ಏರಿಸಿ ನೋಡಿ, “ಗೋಪುರ ಎಲ್ಲೈತವಾ? ಇದು ತುಳಸಿಕಟ್ಟಿ ಆಗೇತಿ” ಅಂದಳು. ಅಳೆದರೆ ಅಗಲ ಒಂಬತ್ತೂವರೆ ಸೆಂಟಿಮೀಟರ್, ಎತ್ತರ ಬರೀ ಏಳು. ಬಟ್ಟೆಯ ಎಳೆಯ ಲೆಕ್ಕ ಚೌಕ, ಹೆಣಿಗೆಯ ಕುಣಿಕೆ ಅಗಲ ಹೆಚ್ಚು, ಎತ್ತರ ಕಡಿಮೆ. ನನ್ನ ಕೈಯಲ್ಲಿ ಹತ್ತು ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು. ಇಷ್ಟು ವರ್ಷ ಹೆಣೆದೂ ನಾನು ಕುಣಿಕೆ ಮಾತ್ರ ಅಳೆಯುತ್ತಿದ್ದೆ, ಸಾಲು ಅಳೆಯುತ್ತಿರಲಿಲ್ಲ! ಚಿತ್ರದ ಪ್ರತಿ ಮೂರನೇ ಸಾಲನ್ನು ಎರಡು ಸಲ ಹೆಣೆದೆ. 28 ಸಾಲಿಗೆ ಗೋಪುರ ನೆಟ್ಟಗೆ ನಿಂತಿತು.

ಸ್ವೆಟರ್ ಮಗಳು ಒಯ್ದಳು. ಕುಳ್ಳ ಗೋಪುರದ ತುಂಡು ಬಿಚ್ಚಲು ಮನಸ್ಸಾಗಲಿಲ್ಲ. ಈಗ ಅದು ಅಡುಗೆಮನೆಯಲ್ಲಿದೆ, ಅವ್ವ ಚಹಾದ ಪಾತ್ರೆ ಇಳಿಸಲು ಹಿಡಿಯುತ್ತಾಳೆ.