ಫೋನಿನಲ್ಲಿ ಹೇಳಿದರೆ ಟೈಪ್ ಮಾಡಲು ಬರಬೇಕು

ನನ್ನ ಹೆಸರು ಶ್ರೀವತ್ಸ. ಇಂಗ್ಲಿಷ್‌ನಲ್ಲಿ ಇದನ್ನು ಎಂಟು ಬಗೆಯಲ್ಲಿ ಬರೆಯಬಹುದು. ಎಸ್ ಆದಮೇಲೆ ಎಚ್ ಬರಬಹುದು, ಬರದೆಯೂ ಇರಬಹುದು. 'ಶ್ರೀ'ಯ ದೀರ್ಘಕ್ಕೆ ಒಂದು ಐ ಹಾಕುವವರಿದ್ದಾರೆ, ಎರಡು ಇ ಹಾಕುವವರೂ ಇದ್ದಾರೆ. 'ತ್ಸ' ಬರೆಯುವಾಗ ಟಿ ಪಕ್ಕ ಇನ್ನೊಂದು ಎಚ್ ಸೇರಿಸುವುದು ನಮ್ಮ ಕಡೆಯ ರೂಢಿ. ಗುಣಿಸಿ ನೋಡಿ, ಎಂಟೇ ಆಗುತ್ತದೆ. ನನ್ನ ಆಧಾರ್‌ನಲ್ಲಿ ಒಂದು ತರ ಇದೆ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ತರ. ಸ್ವಂತ ವೆಬ್‌ಸೈಟಿಗೆ ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಹುಡುಕಲು ಕೂತಾಗ ಮೊದಲು ಅಡ್ಡ ಬಂದದ್ದು ಇದೇ.

ನಾನು ಮೈಸೂರಿನಲ್ಲಿ ಮೃದಂಗ ಕಲಿಸುತ್ತೇನೆ. ಕೆಲವರು ಮನೆಗೆ ಬಂದು ಕಲಿಯುತ್ತಾರೆ, ಕೆಲವರು ವಿದೇಶದಲ್ಲಿ ಕೂತು ವಿಡಿಯೋ ಕರೆಯಲ್ಲಿ. ಪಾಠದ ಟಿಪ್ಪಣಿ, ಕೋರ್ವೆಗಳ (ಮುಕ್ತಾಯಕ್ಕೆ ನುಡಿಸುವ ಲಯದ ವಿನ್ಯಾಸಗಳ) ಲೆಕ್ಕ, ರೆಕಾರ್ಡಿಂಗ್ ಎಲ್ಲ ವಾಟ್ಸಾಪ್‌ನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಒಂದೇ ಕಡೆ ಇಡೋಣ ಅಂತ ಸೈಟ್ ಮಾಡಲು ಹೊರಟೆ.

ಹೆಸರು ಚಿಕ್ಕದಾಗಿರಲಿ, ನೆನಪಿಡುವಂತಿರಲಿ ಎಂದು ಎಲ್ಲರೂ ಹೇಳುತ್ತಾರೆ. ತಪ್ಪಲ್ಲ. ಆದರೆ ಕನ್ನಡದ ಹೆಸರಿಗೆ ಅದಷ್ಟೇ ಸಾಲದು. ನಮ್ಮಲ್ಲಿ ವಿಳಾಸ ಹರಡುವುದು ಬಾಯಿಮಾತಿನಲ್ಲಿ. ಕಛೇರಿ ಮುಗಿದು ಮೃದಂಗಕ್ಕೆ ಚೀಲ ಹಾಕುತ್ತಿರುವಾಗ ಯಾರೋ ಬಂದು "ಸರ್, ನಿಮ್ಮ ಸೈಟ್ ಯಾವುದು?" ಅಂತಾರೆ. ಒಂದು ಸಲ ಹೇಳಿದರೆ ಅವರು ಮನೆಗೆ ಹೋಗಿ ಸರಿಯಾಗಿ ಟೈಪ್ ಮಾಡಬೇಕು. ಇದೊಂದನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಂಡೆ.

ವಾದ್ಯದ ಹೆಸರೇ ಸೋತುಹೋಯಿತು. ನಾವು 'ಮೃ'ವನ್ನು 'ಮ್ರು' ಅನ್ನುತ್ತೇವೆ, ಹಾಗಾಗಿ ಯು ಹಾಕುತ್ತೇವೆ. ಹೊರಗಿನವರು ಐ ಹಾಕುತ್ತಾರೆ, ಕೊನೆಗೆ ಎಂ ಕೂಡ ಸೇರಿಸುತ್ತಾರೆ. 'ತಾಳ' ಇನ್ನೂ ಕಷ್ಟ: ಟಿ ಅಥವಾ ಟಿಎಚ್, ಒಂದು ಎ ಅಥವಾ ಎರಡು, ಮೇಲೆ 'ಳ' ಬೇರೆ. 'ನಾದ'ವನ್ನು ಒಂದೇ ಎ ಹಾಕಿ ಬರೆದರೆ ಸ್ಪ್ಯಾನಿಷ್ ಗೊತ್ತಿದ್ದವರಿಗೆ 'ಏನೂ ಇಲ್ಲ' ಅಂತ ಅರ್ಥವಾಗುತ್ತದೆ. ಮೃದಂಗದ ಸೈಟಿಗೆ ಅದು ಯಾಕೆ ಬೇಕು!

ಸಾಗರದಲ್ಲಿರುವ ಅತ್ತೆಗೆ ಫೋನ್ ಮಾಡಿ ಕೆಲವು ಹೆಸರು ಹೇಳಿ, ಕೇಳಿಸಿದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡಿ ಎಂದೆ. ಅತ್ತೆ ನಿವೃತ್ತ ಟೀಚರ್. "ಎಂತಕ್ಕೋ ಇದೆಲ್ಲ?" ಅಂದರೂ ಶ್ರದ್ಧೆಯಿಂದ ಕಳಿಸಿದರು. ಪುಣೆಯ ಗೆಳೆಯನಿಗೂ ಇದೇ ಕೆಲಸ ಕೊಟ್ಟೆ. ಇಬ್ಬರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಕಾಟ ಕೊಡುವ ಅಕ್ಷರಗಳು ಯಾವುವೆಂದು ತಿಳಿಯಿತು. ತ, ಥ, ದ, ಧ ಬೇಡ. ಳ, ಣ ಬೇಡ. ಶ, ಷ ಬೇಡ. ವ ಕೂಡ ಅನುಮಾನ, ಕೆಲವರು ವಿ ಬದಲು ಡಬ್ಲ್ಯೂ ಹಾಕುತ್ತಾರೆ. ದೀರ್ಘವಂತೂ ಬೇಡವೇ ಬೇಡ. ಕ, ಗ, ನ, ಬ, ಮ, ರ, ಸ ಮತ್ತು ಹ್ರಸ್ವ ಸ್ವರ ಇದ್ದರೆ ಅತ್ತೆ ಬರೆದದ್ದೂ ಗೆಳೆಯ ಬರೆದದ್ದೂ ಒಂದೇ. ಅಂಕಿ, ಅಡ್ಡಗೀಟುಗಳನ್ನೂ ಬಿಟ್ಟೆ. ಡೊಮೇನ್‌ನಲ್ಲಿ ಅಡ್ಡಗೀಟು ಹಾಕಬಹುದು, ನಿಜ. ಫೋನಿನಲ್ಲಿ "ಹೈಫನ್" ಅಂದರೆ "ಮೈನಸ್ಸಾ?" ಅನ್ನುತ್ತಾರೆ.

ಈ ಜರಡಿಯಲ್ಲಿ ಉಳಿದದ್ದು ನಮ್ಮ ಮನೆತನದ ಹೆಸರು, ಕೊನೆಮನೆ. ಊರಿನ ತುದಿಯಲ್ಲಿರುವ ಮನೆ, ಅಷ್ಟೇ. ಕೆ ಓ ಎನ್ ಇ, ಎಂ ಎ ಎನ್ ಇ. ಎಂಟೇ ಅಕ್ಷರ. ಹೆಸರಿನಲ್ಲಿ ಮೃದಂಗ ಇಲ್ಲದಿರುವುದೇ ಒಳ್ಳೆಯದು ಅನ್ನಿಸಿತು. ನಾಳೆ ನಾನು ತೋಟದ ಬಗ್ಗೆ ಬರೆದರೂ ನಡೆಯುತ್ತದೆ. ಅಮೆರಿಕದಲ್ಲಿ ಹುಟ್ಟಿದ ಶಿಷ್ಯೆಯೊಬ್ಬಳು ಅದನ್ನು 'ಕೋನ್‌ಮೇನ್' ಎಂದು ಓದಿದಳು. ಓದು ತಪ್ಪಿದರೂ ಅಕ್ಷರ ತಪ್ಪಲಿಲ್ಲವಲ್ಲ, ಸೈಟ್ ತೆರೆಯಿತು.

ಆದರೆ ಮನೆತನದ ಹೆಸರು ನನ್ನೊಬ್ಬನದಲ್ಲ. ಊರಿನಲ್ಲಿರುವ ದೊಡ್ಡಪ್ಪನ ಮಗನನ್ನು ಕೇಳಿದೆ. "ಅದ್ಕೂ ಕೇಳ್ಬೇಕಾ ಮಾರಾಯ? ನಂಗೂ ಒಂದು ಈಮೇಲ್ ಮಾಡಿಕೊಡು, ಸಾಕು" ಅಂದ. ಡೊಮೇನ್ ಒಂದಿದ್ದರೆ ಅದರಡಿ ಮನೆಯವರಿಗೆಲ್ಲ ಈಮೇಲ್ ವಿಳಾಸ ಕೊಡಬಹುದು ಎಂದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು.

ಇನ್ನು ಬಾಲದ ಪ್ರಶ್ನೆ. ಡಾಟ್ ಕಾಮ್, ಡಾಟ್ ಇನ್, ಅಥವಾ ಈಗಿನ ನೂರಾರು ಹೊಸ ಬಾಲಗಳಲ್ಲಿ ಒಂದು. ಎರಡಕ್ಷರದ ಬಾಲಗಳೆಲ್ಲ ಯಾವುದೋ ಒಂದು ದೇಶದ್ದೋ ಪ್ರದೇಶದ್ದೋ ಆಗಿರುತ್ತವೆ. ಡಾಟ್ ಎಐ ಅಂಗ್ವಿಲಾ ಎಂಬ ಪುಟ್ಟ ದ್ವೀಪದ್ದು, ಡಾಟ್ ಮಿ ಮಾಂಟೆನೆಗ್ರೊದ್ದು. ಡಾಟ್ ಐಓ ಬ್ರಿಟನ್ ಕೈಯಲ್ಲಿರುವ ಚಾಗೋಸ್ ದ್ವೀಪಗಳದ್ದು. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರಲ್ಲಿ ಸಹಿ ಬಿತ್ತು. ಬಾಲದ ಗತಿ ಮುಂದೇನು ಎಂಬ ಚರ್ಚೆಯೂ ಜೋರಾಗಿ ನಡೆದಿದೆ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಾಗ ಅಲ್ಲಿನ ಸಾವಿರಾರು ಜನ ತಮ್ಮ ಡಾಟ್ ಇಯು ಹೆಸರು ಕಳೆದುಕೊಂಡರು. ಬೇರೆಯವರ ರಾಜಕೀಯ ನನ್ನ ವಿಳಾಸಕ್ಕೆ ಯಾಕೆ ತಗಲಬೇಕು? ಫ್ಯಾಷನ್ ಬಾಲಗಳನ್ನೆಲ್ಲ ಬಿಟ್ಟೆ.

ಡಾಟ್ ಇನ್ ನಮ್ಮದು. 2005ರಿಂದ ಯಾರು ಬೇಕಾದರೂ ಕೊಳ್ಳಬಹುದು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಒಂದು ಕೊರತೆ ಇದೆ. ಡಾಟ್ ಕಾಮ್‌ನಲ್ಲಿ ಕೊಂಡವರ ವಿವರ ಮರೆಮಾಡುವ ಸೇವೆ ಸಿಗುತ್ತದೆ, ಡಾಟ್ ಇನ್‌ಗೆ ಅದಕ್ಕೆ ಅವಕಾಶವಿಲ್ಲ. ನಾನು ಎರಡೂ ಕೊಂಡೆ. ಡಾಟ್ ಕಾಮ್ ಮುಖ್ಯ, ಯಾಕೆಂದರೆ ಜನರ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ. ಡಾಟ್ ಇನ್ ಟೈಪ್ ಮಾಡಿದವರನ್ನೂ ಅಲ್ಲಿಗೇ ಕಳಿಸುತ್ತೇನೆ. ವಿವರ ಬಯಲಾದ್ದಕ್ಕೋ ಏನೋ, ಆಮೇಲೆ "ವೆಬ್‌ಸೈಟ್ ಮಾಡಿಕೊಡ್ತೀವಿ ಸರ್" ಎಂಬ ಕರೆಗಳು ಸಾಕಷ್ಟು ಬಂದವು.

ಕನ್ನಡ ಲಿಪಿಯಲ್ಲೇ ಡೊಮೇನ್ ಸಿಗುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. 'ಡಾಟ್ ಭಾರತ' ಎಂಬ ಬಾಲ ಕನ್ನಡ ಅಕ್ಷರದಲ್ಲೇ ಇದೆ. ನನಗೆ ಅದರ ಮೇಲೆ ಆಸೆ ಜಾಸ್ತಿಯೇ ಇತ್ತು. ಮೇಲೆ ಹೇಳಿದ ಎಂಟು ಬಗೆಯ ಗೋಳು ಅಲ್ಲಿ ಇರುವುದೇ ಇಲ್ಲ, ಶ್ರೀವತ್ಸ ಅಂದರೆ ಶ್ರೀವತ್ಸ. ಆದರೆ ಒಳಗೆ ಇಂಟರ್ನೆಟ್ ಅದನ್ನು ಇಂಗ್ಲಿಷ್ ಅಕ್ಷರಕ್ಕೇ ತಿರುಗಿಸಿಕೊಳ್ಳುತ್ತದೆ. ಎಕ್ಸ್ ಎನ್, ಎರಡು ಅಡ್ಡಗೀಟು, ಆಮೇಲೆ ಏನೇನೋ ಕಲಸಿದ ಅಕ್ಷರ. ಲಿಂಕ್ ನಕಲಿಸಿ ಕಳಿಸಿದರೆ ಎಷ್ಟೋ ಕಡೆ ಈ ಕಲಸು ರೂಪವೇ ಕಾಣಿಸುತ್ತದೆ. ನೋಡಿದವರು ವೈರಸ್ ಇರಬೇಕು ಅಂದುಕೊಂಡು ಒತ್ತುವುದಿಲ್ಲ. ಅಂಥ ಈಮೇಲ್ ವಿಳಾಸವನ್ನು ಒಪ್ಪದ ಅರ್ಜಿಗಳೂ ಬೇಕಾದಷ್ಟಿವೆ. ಸದ್ಯಕ್ಕೆ ಅದು ಎರಡನೇ ಬಾಗಿಲಾಗಿ ಇರಬಹುದು, ಮುಂಬಾಗಿಲಾಗಿ ಅಲ್ಲ ಎಂದು ತೀರ್ಮಾನಿಸಿದೆ.

ಕೊಳ್ಳುವ ಮುಂಚೆ ಆ ಹೆಸರಿನ ಪೂರ್ವಾಶ್ರಮ ನೋಡಿ. ಹಳೆಯ ಪುಟಗಳನ್ನು ಜೋಪಾನ ಮಾಡಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದರೆ ಸಾಕು. ನನ್ನ ಪಟ್ಟಿಯಲ್ಲಿದ್ದ ಒಂದು ಹೆಸರು ಹಿಂದೆ ಜೂಜಿನ ಸೈಟ್ ಆಗಿತ್ತು. ಅದನ್ನು ಅಲ್ಲೇ ಹೊಡೆದುಹಾಕಿದೆ.

ಡೊಮೇನ್ ಯಾವತ್ತೂ ಸ್ವಂತ ಆಸ್ತಿಯಲ್ಲ, ಗುತ್ತಿಗೆ. ಡಾಟ್ ಕಾಮ್ ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಸಿಗುತ್ತದೆ. ಮೊದಲ ವರ್ಷದ ಬೆಲೆ ನೋಡಿ ಹಿಗ್ಗಬೇಡಿ, ನವೀಕರಣದ ಬೆಲೆ ನೋಡಿ. ಕೆಲವು ಹೊಸ ಬಾಲಗಳಲ್ಲಿ ಎರಡನೇ ವರ್ಷಕ್ಕೆ ಅದು ಹಲವು ಪಟ್ಟು ಏರುತ್ತದೆ. ಅವಧಿ ಮುಗಿದರೆ ಸ್ವಲ್ಪ ದಿನ ಮಾಮೂಲಿ ಬೆಲೆಗೇ ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ. ಆಮೇಲೆ 5 ದಿನಕ್ಕೆ ಹೆಸರು ಬಯಲಿಗೆ ಬೀಳುತ್ತದೆ, ಕಾದು ಕೂತವರು ಎತ್ತಿಕೊಂಡು ಹೋಗುತ್ತಾರೆ.

ತಾನಾಗೇ ನವೀಕರಣ ಆಗುತ್ತದೆ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಕಾರ್ಡಿನಿಂದ ಪದೇಪದೇ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಮೊದಲೇ ಒಪ್ಪಿಗೆ ದಾಖಲಾಗದಿದ್ದರೆ ಪಾವತಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಐದು ವರ್ಷದ ಹಣ ಒಟ್ಟಿಗೆ ಕಟ್ಟಿ, ಫೋನಿನ ಕ್ಯಾಲೆಂಡರಿನಲ್ಲಿ ತಾರೀಕು ಹಾಕಿಕೊಂಡೆ. ನೋಂದಣಿ ನನ್ನ ಹೆಸರಲ್ಲೇ ಇದೆ, ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ ಅಲ್ಲ. ನೋಂದಣಿಯಲ್ಲಿ ಕೊಟ್ಟಿರುವ ಈಮೇಲ್ ಇದೇ ಡೊಮೇನಿನದಲ್ಲ, ಬೇರೆಯದು. ಯಾಕೆಂದರೆ ಡೊಮೇನ್ ನಿಂತರೆ ಅದರ ಈಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರವೇ ನಮಗೆ ಬರುವುದಿಲ್ಲ. ದೊಡ್ಡಪ್ಪನ ಮಗನಿಗೂ ಡೊಮೇನ್ ಕೊಂಡ ಕಂಪನಿಯ ಹೆಸರು, ನವೀಕರಣದ ತಾರೀಕು ತಿಳಿಸಿಟ್ಟಿದ್ದೇನೆ. ಈಗ ಅಡಿಕೆ ಮಂಡಿಯವರಿಗೆಲ್ಲ ಅವನು ಕೊಡುವುದು ಕೊನೆಮನೆಯ ಈಮೇಲನ್ನೇ. ನಾನು ಮರೆತರೂ ಅವನು ಮರೆಯುವುದಿಲ್ಲ.