ಗಂಜಿ, ಬಂಗುಡೆ, ಬಾಟಲಿ ಹಾಲು: ಮಕ್ಕಳನ್ನು ನೋಡಿಕೊಳ್ಳುವ ಮನೆಯ ಅಡುಗೆ ಕ್ರಮ

ಉಡುಪಿಯ ಸೆಕೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಇಳಿಸಿದ ಕುಚ್ಚಲಕ್ಕಿ ಗಂಜಿಯನ್ನು ಮಧ್ಯಾಹ್ನ ಒಂದಕ್ಕೆ ಮಕ್ಕಳಿಗೆ ಬಡಿಸಬಾರದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಗಂಜಿ ಉಗುರುಬೆಚ್ಚಗಾದಾಗ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಾಸನೆ, ರುಚಿ ಎರಡೂ ಸರಿಯಿರುವುದರಿಂದ ಮೂಸಿ ನೋಡಿ ತೀರ್ಮಾನಿಸುವಂತಿಲ್ಲ.

ಹಾಗಾಗಿ ನಾನು ಅಕ್ಕಿ ಹಾಕುವುದೇ ಹನ್ನೊಂದರ ಮೇಲೆ. ಇಳಿಸಿದ್ದನ್ನು ಬಿಸಿನೀರು ಹಾಕಿ ಕಾಯಿಸಿಟ್ಟ ಹಾಟ್‌ಬಾಕ್ಸ್‌ಗೆ ತುಂಬುತ್ತೇನೆ. ಬಡಿಸುವ ಮುಂಚೆ ಕಡ್ಡಿ ಥರ್ಮಾಮೀಟರನ್ನು ಗಂಜಿಯ ನಡುವಿಗೆ ಚುಚ್ಚಿದಾಗ 60 ಡಿಗ್ರಿಗಿಂತ ಮೇಲೆ ಇರಬೇಕು. ಅಳೆದ ಮೇಲೆ ಬಟ್ಟಲಿಗೆ ಹಾಕಿ, ಆರಿಸಿ ಉಣಿಸುವುದು. ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಪುಡಿ ಐಸ್ ತುಂಬಿದ ನೀರಿಗೆ ಅದ್ದಿ: ಸೊನ್ನೆ ತೋರಿಸಬೇಕು. ಉಳಿಸಲೇಬೇಕಾದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ತಟ್ಟೆಯ ಅಡಿಗೆ ತಣ್ಣೀರಿಟ್ಟು, ಆರಿದ ಕೂಡಲೇ ಫ್ರಿಜ್‌ಗೆ. ಆಳದ ಪಾತ್ರೆಯಲ್ಲೇ ಬಿಟ್ಟರೆ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ತೆಂಗಿನಕಾಯಿ ಚಟ್ನಿಯನ್ನಂತೂ ಉಳಿಸುವುದೇ ಇಲ್ಲ.

ಮೀನಿನಲ್ಲಿ ಬಂಗುಡೆ, ಭೂತಾಯಿಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಐಸ್ ಇಲ್ಲದೆ ಬಿಸಿಲಿಗೆ ಬಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಹುಟ್ಟುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಉಳಿಯುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ಬಾಯಿ ಉರಿಯುತ್ತದೆ. ನೋಡಲು ಅಲರ್ಜಿಯ ಹಾಗೆಯೇ. ಮಾರುಕಟ್ಟೆಗೆ ಐಸ್ ಹಾಕಿದ ಡಬ್ಬ ಒಯ್ಯುವುದು ಇದಕ್ಕೇ. ಭೂತಾಯಿಯ ಸಣ್ಣ ಮುಳ್ಳು ಬೆರಳಿಗೂ ಸಿಗದ ಕಾರಣ ಪುಟ್ಟ ಮಕ್ಕಳಿಗೆ ದೊಡ್ಡ ಮೀನಾದ ಅಂಜಲ್‌ನ ತುಂಡೇ ವಾಸಿ. ಅದನ್ನೂ ಬೆರಳಲ್ಲಿ ಹಿಸುಕಿ ನೋಡಿಯೇ ಕೊಡಬೇಕು.

ಹಾಲಿನ ಪುಡಿ ಡಬ್ಬಿಯೊಳಗಿದ್ದರೂ ಕ್ರಿಮಿಮುಕ್ತವಲ್ಲ. ನೀರನ್ನು ಕುದಿಸಿ, ಅರ್ಧ ಗಂಟೆಯೊಳಗೆ, ಅದು 70 ಡಿಗ್ರಿಗಿಂತ ಕೆಳಗಿಳಿಯುವ ಮುಂಚೆಯೇ ಪುಡಿ ಕಲಸಬೇಕು. ಆಮೇಲೆ ಬಾಟಲಿಯನ್ನು ನಲ್ಲಿ ನೀರಿನಡಿ ಹಿಡಿದು ತಣಿಸಿ, ಮಣಿಕಟ್ಟಿಗೆ ಬಿಟ್ಟು ನೋಡಿ ಕುಡಿಸುವುದು. ಕಲಸಿ ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲುತ್ತೇನೆ. ಮಳೆಗಾಲದಲ್ಲಿ ಬಾವಿಗೆ ಕೆಸರುನೀರು ಇಳಿಯುವುದರಿಂದ ಕುಡಿಯುವ ನೀರನ್ನೂ ಒಂದು ನಿಮಿಷ ಕೊತಕೊತ ಕುದಿಸಲೇಬೇಕು. ಕರೆಂಟು ಹೋದಾಗ ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಡೆಯುತ್ತದೆ.

ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ ಎಂದು ಅಜ್ಜಿಯಂದಿರು ಪ್ರೀತಿಯಿಂದಲೇ ಹೇಳಿ ಕಳಿಸುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ, ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುತ್ತದೆ. ಇದನ್ನು ಮಗುವನ್ನು ಸೇರಿಸಿಕೊಳ್ಳುವ ದಿನವೇ ಹೇಳಿಬಿಡುತ್ತೇನೆ. ಮಗುವಿಗೆ ಯಾವ ತಿನಿಸು ಆಗಿಬರುವುದಿಲ್ಲ ಎಂಬುದನ್ನೂ ಅಂದೇ ಅಪ್ಪ ಅಮ್ಮನ ಕೈಯಲ್ಲೇ ಬರೆಸಿ, ಒಲೆಯ ಪಕ್ಕದ ಗೋಡೆಗೆ ಅಂಟಿಸುತ್ತೇನೆ.