ಗಾಳಿಸುದ್ದಿ ಎದ್ದ ದಿನ ಸಮುದಾಯ ಬಾನುಲಿಯಲ್ಲಿ ನಾವು ಮಾಡುವ ಕೆಲಸ

2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ನಡೆಯುತ್ತದೆಂಬ ಬರೀ ಮೆಸೇಜುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಒಟ್ಟಿಗೆ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್‌ಎಂಎಸ್ ಕಳಿಸುವುದನ್ನು ಸರ್ಕಾರ ತಡೆಯಿತು. ಆದರೆ ಬಾಯಿಂದ ಬಾಯಿಗೆ ಹೋಗುವ ಮಾತಿಗೆ ತಡೆ ಎಲ್ಲಿದೆ? ಅಲ್ಲಿ ಬೀದಿಯ ರೇಡಿಯೊ ಬೇಕು, ಅಂದರೆ ಆ ಊರಿನ ಜನರೇ ನಡೆಸುವ ಸಣ್ಣ ಸಮುದಾಯ ಬಾನುಲಿ.

ನಮ್ಮದೇ ಸುದ್ದಿ ಓದಲು ನಮಗೆ ಅನುಮತಿಯಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ, ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಪ್ರಸಾರ ಮಾಡಬಹುದು, ಅಷ್ಟೆ. ಹಾಗಾಗಿ ನಾವು ಹಾಕುವುದು ಜನರ ದನಿ. ಫೋನ್ ಬಂದ ಕೂಡಲೇ ಪುಸ್ತಕದಲ್ಲಿ ಬರೆಯುತ್ತೇವೆ: ಯಾವ ರಸ್ತೆ, ಎಷ್ಟು ಹೊತ್ತಿಗೆ, ಕಣ್ಣಾರೆ ಕಂಡದ್ದೋ ಕೇಳಿದ್ದೋ. ಆಮೇಲೆ ಆ ಜಾಗದಲ್ಲೇ ಇರುವ ಇಬ್ಬರಿಗೆ ಫೋನ್, ಠಾಣೆಗೊಂದು ಫೋನ್. ಮೂರೂ ಹೊಂದದಿದ್ದರೆ ಪ್ರಸಾರವಿಲ್ಲ.

ಗಾಳಿಸುದ್ದಿಯನ್ನು ಅಲ್ಲಗಳೆಯಲಿಕ್ಕೂ ಅದರ ಮಾತನ್ನು ಬಳಸಬಾರದು. ಒಗ್ಗರಣೆ ಹಾಕುತ್ತಾ ಅರ್ಧ ಕಿವಿಯಲ್ಲಿ ಕೇಳುವವರಿಗೆ ‘ಮಕ್ಕಳ ಕಳ್ಳರು ಬಂದಿಲ್ಲ’ ಎಂದರೆ ಉಳಿಯುವುದು ‘ಮಕ್ಕಳ ಕಳ್ಳರು’ ಮಾತ್ರ. ಬದಲಿಗೆ ಶಾಲೆಯ ಗೇಟಿನಲ್ಲಿ ಹೂ ಮಾರುವ ಅಕ್ಕನ ದನಿ: “ನಾಲ್ಕಕ್ಕೆ ಬೆಲ್ ಹೊಡೀತು. ಮಕ್ಕಳೆಲ್ಲ ನನ್ನ ಮುಂದೇನೇ ಮನೆಗ್ ಹೋದ್ವು, ನಾನಿನ್ನೂ ಇಲ್ಲೇ ಇದೀನಿ.” ನಲವತ್ತು ಸೆಕೆಂಡು ಸಾಕು. ಕಾಲು ಗಂಟೆಗೊಮ್ಮೆ ಹಾಕಿ. ತಮಿಳಿಗೆ, ದಖನಿ ಉರ್ದುವಿಗೆ ಅನುವಾದ ಮಾಡಿ ಓದಿಸಬೇಡಿ. ಆ ಭಾಷೆ ಮನೆಯಲ್ಲಾಡುವ, ಅದೇ ಬೀದಿಯವರೇ ಮಾತಾಡಬೇಕು. ಕೇಳುವವರು ದನಿ ಗುರುತು ಹಿಡಿದರೇ ನಂಬುವುದು.

ಹೆಚ್ಚು ಎಡವುವುದು ಎಡಿಟಿಂಗ್‌ನಲ್ಲಿ. “ಅವರು ಡೋಲು ಜೋರಾಗಿ ಬಾರಿಸ್ತಾರೆ, ಆದ್ರೆ ನಮಾಜಿನ ಹೊತ್ತಿಗೆ ನಿಲ್ಲಿಸ್ತಾರೆ” ಎಂಬ ಮಾತಿನಲ್ಲಿ ಸಮಯ ಉಳಿಸಲು ‘ಆದ್ರೆ’ಯ ನಂತರದ್ದನ್ನು ಕತ್ತರಿಸಿದರೆ ನಾವೇ ಜಗಳ ಹಚ್ಚಿದಂತೆ. ಕತ್ತರಿಸಿದ ತುಣುಕನ್ನು ಮಾತಾಡಿದವರಿಗೆ ಹೆಡ್‌ಫೋನಿನಲ್ಲಿ ಕೇಳಿಸಿ, ಅವರು ಒಪ್ಪಿದ ಮೇಲೆಯೇ ಪ್ರಸಾರ. ಬಿಗುವಿನ ದಿನ ನೇರ ಫೋನ್-ಇನ್ ಬಂದ್. ಕರೆಗಳನ್ನು ಮೊದಲು ರೆಕಾರ್ಡ್ ಮಾಡಿಕೊಳ್ಳಿ. ಮೂರು ತಿಂಗಳು ಪ್ರಸಾರದ ದಾಖಲೆ ಇಡುವುದು ಹೇಗೂ ನಿಯಮ. ನಾಳೆ ಯಾರಾದರೂ ದೂರು ಕೊಟ್ಟರೆ ಅದೇ ಉತ್ತರ.

ಆದರೆ ಅವತ್ತು ಓಡಾಡಿ ಆಗುವ ಕೆಲಸ ಇದಲ್ಲ. 2023ರ ಸೆಪ್ಟೆಂಬರ್ 28ರಂದು ಗಣೇಶ ವಿಸರ್ಜನೆಯ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಒಂದೇ ದಿನ ಬಂದವು. ಅಂಥ ದಿನಕ್ಕೆ ತಿಂಗಳ ಮುಂಚೆಯೇ ಎರಡೂ ಸಮಿತಿಯ ಹುಡುಗರನ್ನು ಒಂದೇ ಮೈಕಿನ ಮುಂದೆ ಕೂರಿಸಿ ಮೆರವಣಿಗೆಯ ದಾರಿ, ಹೊತ್ತು, ಟ್ರಾಫಿಕ್ ತಿರುವು ಹೇಳಿಸಬೇಕು. ಉಳಿದ ದಿನ ನಲ್ಲಿ ನೀರು, ಕಸದ ಗಾಡಿ, ರೇಷನ್ನಿನ ಮಾತು. ನೀರು ಎಷ್ಟೊತ್ತಿಗೆ ಬರುತ್ತದೆಂದು ಸರಿಯಾಗಿ ಹೇಳದ ರೇಡಿಯೊವನ್ನು ಗಲಾಟೆಯ ದಿನ ಯಾರು ನಂಬುತ್ತಾರೆ?

ನಮ್ಮ ಟ್ರಾನ್ಸ್‌ಮಿಟರ್‌ಗೆ 100 ವಾಟ್ ಮಿತಿ, ಆಂಟೆನಾ 30 ಮೀಟರ್. ದೊಡ್ಡ ಅಪಾರ್ಟ್‌ಮೆಂಟ್ ಅಡ್ಡ ಬಂದರೆ ಹಿಂದಿನ ಗಲ್ಲಿಗೆ ಕೊರಕೊರ ಸದ್ದೇ. ಮೊಬೈಲಿನ ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ, ಅದು ಹೆಚ್ಚಾಗಿ ಒಬ್ಬರ ಕಿವಿಗೆ ಮಾತ್ರ. ಅಂಥ ಗಲ್ಲಿಗಳ ಟೀ ಅಂಗಡಿಗೆ ಉದ್ದ ಆಂಟೆನಾದ ಒಂದೊಂದು ಹಳೇ ರೇಡಿಯೊ ಕೊಟ್ಟು, ಸ್ಟೇಷನ್ ಹಿಡಿಸಿ, ಡಯಲ್‌ನ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ ಬರುತ್ತೇವೆ.